ಮೋಟರ್ ದೊಡ್ಡದು ಮಾಡಬ್ಯಾಡ್ರಿ, ಜಾಕೆಟ್ ಪಂಪ್ ತರಸ್ರಿ

ಹುಮನಾಬಾದಿನ ಅಣ್ಣಾರ, ಮುಂಜಾನೆ ಡಾಂಬರ ಪಂಪ್ ಟ್ರಿಪ್ ಆಗ್ತದ, 5 ಎಚ್‌ಪಿ ತಗದು 7.5 ಕೂಡಸ್ಲೇನು ಅಂತ ಕೇಳೀರಿ. ಫೋಟೋದಾಗ ಪಂಪಿನ ಹೊಟ್ಟಿ ಕರ್ರಗಾಗೇದ, ಗ್ಯಾಸ್ ಬರ್ನರ್ ಹಿಡೀಲಕತ್ತೀರಿ. ಇದೇ ತಪ್ಪು ನಾನೂ ಮಾಡೀನಿ, ಅದಕ್ಕ ಬರೀತೀನಿ.

ಮೊದಲ ಆ ಬರ್ನರ್ ಬಂದ್ ಮಾಡ್ರಿ. ಬೀಡಿನ ಬಾಡಿ ಒಂದೇ ಕಡೆ ಕಾದ್ರ ಸೀಳ್ತದ. ಬಾಡಿ ಕಾದಿರ್ತದ ಖರೆ, ಗ್ಲ್ಯಾಂಡಿನ (ಶಾಫ್ಟ್ ಹೊರಗ ಬರೋ ಜಾಗ) ಹತ್ರ ಡಾಂಬರ ಕಲ್ಲಾಗೇ ಕೂತಿರ್ತದ. ಬಟನ್ ಒತ್ತಿದ್ರ ಕಪ್ಲಿಂಗ್ ರಬ್ಬರ್ ಹರೀತದ, ಇಲ್ಲಾ ಶಾಫ್ಟಿಗೆ ಕಪ್ಲಿಂಗ್ ಹಿಡಿಯೋ ಕೀ ಕತ್ತರಸ್ತದ. 7.5 ಹಾಕಿದ್ರ ಟ್ರಿಪ್ ನಿಲ್ಲಬಹುದು, ಆದ್ರ ಶಾಫ್ಟೇ ತಿರುಚ್ಕೋತದ. ಟ್ರಿಪ್ ಮಾಡೋ ಓವರ್‌ಲೋಡ್ ರಿಲೇದ ಸೆಟ್ಟಿಂಗೂ ಏರಿಸಬ್ಯಾಡ್ರಿ, ನಿಮ್ಮ ಪಂಪ್ ಉಳಿಸಿದ್ದು ಅದೇ.

ವಿಜಿ-30 (ರಸ್ತಾ ಡಾಂಬರದ ಒಂದು ಗ್ರೇಡ್) ಎಷ್ಟು ಮಂದ ಇರ್ತದ, ಲೆಕ್ಕ ನೋಡ್ರಿ: 60 ಡಿಗ್ರಿಗೆ ಕನಿಷ್ಠ 2400 ಪಾಯ್ಸ್, 135ಕ್ಕ ಕನಿಷ್ಠ 350 ಸೆಂಟಿಸ್ಟೋಕ್, ಅಂದ್ರ ಸುಮಾರು ಮೂರೂವರಿ ಪಾಯ್ಸ್. ಅಂದಾಜು 700 ಪಟ್ಟು ಫರಕು. ಎರಡೂವರಿ ಎಚ್‌ಪಿ ಹೆಚ್ಚಿಗಿ ಹಾಕಿದ್ರ ತುಂಬೋ ಫರಕೇನ್ರೀ ಇದು?

ಜಾಕೆಟ್ ಅಂದ್ರ ಥರ್ಮಿಕ್ ಆಯಿಲ್ (ಕಾಸಿದ ಎಣ್ಣಿ) ತಿರುಗೋ ಹೊರಗಿನ ಕವಚ. ಅದು ಬಾಡಿಗಷ್ಟೇ ಅಲ್ಲ, ಮುಂದಿನ ಕವರಿಗೆ, ಗ್ಲ್ಯಾಂಡ್ ಕಡೆಗೂ ಇರಬೇಕು. ಫಿಲ್ಟರ್, ವಾಲ್ವಿಗೂ ಬೇಕು. ಒಂದು ಫೂಟ್ ಬರೇ ಪೈಪ್ ಉಳಿದ್ರೂ ಅಲ್ಲೇ ಗಟ್ಟಿ. ಥರ್ಮಿಕ್ ಆಯಿಲ್ ಒಂದು ತಾಸು ತಿರುಗಲಿ. ಆಮ್ಯಾಲ ಮೇನ್ ಸ್ವಿಚ್ ಬಂದ್ ಮಾಡಿ, ಗ್ಲೋವ್ಸ್ ಹಾಕ್ಕೊಂಡು, ಕಪ್ಲಿಂಗ್ ಕೈಲೆ ತಿರುವ್ರಿ. ಸಲೀಸಾಗಿ ಒಂದು ಸುತ್ತು ಬಂದ್ರಷ್ಟೇ ಬಟನ್. ತಿರುಗವಲ್ದಾ? ಇನ್ನರ್ಧ ತಾಸು ಕಾಯ್ರಿ, ಪೈಪ್ ಪಾನಾ ಹಾಕಿ ಜಗ್ಗಬ್ಯಾಡ್ರಿ.

1440 ಸುತ್ತಿನ ಮೋಟರಿಗೆ ಪಂಪ್ ಡೈರೆಕ್ಟ್ ಕಪಲ್ ಮಾಡೀರಿ, ಅದೂ ತಪ್ಪು. ಗೇರ್‌ಬಾಕ್ಸ್ ಹಾಕಿ 250-300 ಆರ್‌ಪಿಎಂಗೆ ಇಳಸ್ರಿ, ಮಾಲು ಕಡಿಮಿ ಬಿದ್ರ ದೊಡ್ಡ ಪಂಪ್ ತಗೋರಿ. ಬರೇ ವಿಎಫ್‌ಡಿ (ಮೋಟರಿನ ಸ್ಪೀಡ್ ಬದಲಿಸೋ ಡಬ್ಬಿ) ಹಚ್ಚಿ 10 ಹರ್ಟ್ಜಿಗೆ ಓಡಿಸಿದ್ರ ಮೋಟರಿನ ಫ್ಯಾನೂ ನಿಧಾನಾಗಿ ಮೋಟರ್ ಸುಡ್ತದ. 2 ಇಂಚಿನ ಪಂಪಿಗೆ ಸಕ್ಷನ್ (ಎಳಕೊಳ್ಳೋ) ಪೈಪ್ 3 ಇಂಚು, ಗಿಡ್ಡ ಇರಲಿ, ಪಂಪ್ ಟ್ಯಾಂಕಿಗಿಂತ ಕೆಳಗ ಇರಲಿ.

ಆರ್ಡರ್ ಕೊಡೂಮುಂದ '160 ಡಿಗ್ರಿ ಡಾಂಬರಕ್ಕ' ಅಂತ ಬರದು ಕೊಡ್ರಿ. ಸಾದಾ ಆಯಿಲ್ ಪಂಪಿನ ಕ್ಲಿಯರನ್ಸ್ (ಒಳಗಿನ ಸಂದು) ಬಿಸಿಗೆ ಸಾಲಲ್ಲ, ಗೇರ್ ಹಿಡ್ಕೋತದ. ರೊಕ್ಕ ಇದ್ರ ವೈಕಿಂಗ್ ಕಂಪನಿಯ ಇಂಟರ್ನಲ್ ಗೇರ್ ಪಂಪ್ ನನ್ನ ಆಯ್ಕೆ, ಇಲ್ದಿದ್ರ ಅಹಮದಾಬಾದ್ ಮಾಲೂ ನಡೀತದ, ಜಾಕೆಟ್ ಮಾತ್ರ ಕಣ್ಣಾರೆ ನೋಡಿ ತಗೋರಿ. ಮೆಕ್ಯಾನಿಕಲ್ ಸೀಲಿನ ಆಸಿ ಬಿಡ್ರಿ, ಗ್ಲ್ಯಾಂಡಿಗೆ ಗ್ರಾಫೈಟ್ ಪ್ಯಾಕಿಂಗ್ ಸಾಕು. ಒಂದೆರಡು ಹನಿ ಸೋರಲಿ, ಪೂರಾ ಬಿಗಿದ್ರ ಶಾಫ್ಟ್ ಗೀಚ್ತದ.

ಸಂಜೀಕ ಪಂಪ್ ಉಲ್ಟಾ ತಿರುಗಿಸಿ ಲೈನ್ ಖಾಲಿ ಮಾಡ್ರಿ. ಉಲ್ಟಾ ಓಡೂಮುಂದ ಪ್ರೆಶರ್ ಬಿಡೋ ರಿಲೀಫ್ ವಾಲ್ವ್ ಕೆಲಸ ಮಾಡಲ್ಲ, ಟ್ಯಾಂಕ್ ಕಡೆ ವಾಲ್ವ್ ತೆರೆದೈತೇನು ನೋಡಿಕೋರಿ. ಬಿಸಿ ಪಂಪಿಗೆ ಡೀಸೆಲ್ ಸುರುವಿ ತೊಳೆಯೋ ಹುಡುಗ್ರಿಗೆ ಕಪಾಳಕ್ಕ ಹೊಡೀರಿ, ಬೆಂಕಿ ಹತ್ತತದ.

ಎಮಲ್ಷನ್‌ಗೆ (ನೀರಿನಾಗ ಬೆರೆಸಿದ ಡಾಂಬರ) ಇದೇ ಪಂಪ್ ಜೋರಾಗಿ ಓಡಸಬ್ಯಾಡ್ರಿ, ಒಡದು ಗಂಟಾಗ್ತದ. ಕಾಕಂಬಿಗೆ ಯಾವ ಪಂಪ್ ಅಂತ ಕೇಳಿದ ಭಾಲ್ಕಿಯವರಿಗೆ: ನಿಮ್ಮದೂ ನಿಧಾನ ಗೇರ್ ಪಂಪೇ, ಆದ್ರ ಕಾಕಂಬಿ 40 ಡಿಗ್ರಿ ದಾಟಸಬ್ಯಾಡ್ರಿ, ನೊರಿ ಎದ್ದು ಕೆಡ್ತದ.