ಓದುಗರ ಪ್ರಶ್ನೆ: ಮುಚ್ಚಿದ ಪೆಟ್ಟಿಗೆಯಲ್ಲಿ ತುಕ್ಕು ಹೇಗೆ ಬಂತು?

ಪ್ರಶ್ನೆ: ಮೀನಿನ ಗಾಳಕ್ಕೆ ಗರಿ, ದಾರ ಸುತ್ತಿ ಫ್ಲೈ (ಹುಳದಂತೆ ಕಾಣುವ ಕೃತಕ ಎರೆ) ಕಟ್ಟುವುದು ನನ್ನ ಹವ್ಯಾಸ. ಚೆನ್ನಾಗಿ ಬಂದ 12 ಫ್ಲೈಗಳಿಗೆ ಪ್ಲೈವುಡ್ ಪೆಟ್ಟಿಗೆ ಮಾಡಿ, ಮುಂದೆ ಗಾಜಿಟ್ಟು, ಸಿಲಿಕೋನ್ ಎಳೆದು ಅವತ್ತೇ ಮುಚ್ಚಿಬಿಟ್ಟೆ. ಗಾಳಿ ಹೋಗಲೂ ಜಾಗ ಇಲ್ಲ. ಆದರೂ ಎರಡೇ ತಿಂಗಳಲ್ಲಿ ಗಾಳಗಳಿಗೆ ತುಕ್ಕು. ಎಲ್ಲಿಂದ ಬಂತು?

ಉತ್ತರ: ಸಿಲಿಕೋನ್ ಹಚ್ಚುವಾಗ ಮೂಗಿಗೆ ವಿನೆಗರ್ ವಾಸನೆ ಬಡಿಯಿತಾ? ಹಾಗಿದ್ದರೆ ಕಳ್ಳನನ್ನು ನೀವೇ ಒಳಗೆ ಕೂರಿಸಿ ಬಾಗಿಲು ಹಾಕಿದ್ದೀರಿ. ಆ ಜಾತಿಯ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲದ ಆವಿ ಬಿಡುತ್ತದೆ. ತೆರೆದಿಟ್ಟರೆ ಹಾರಿಹೋಗುತ್ತಿತ್ತು, ಮುಚ್ಚಿದ್ದಕ್ಕೆ ಗಾಳದ ಮೇಲೆ ಕೂತಿತು. ಪ್ಲೈವುಡ್, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ಓಕ್ ಮರ ಕೂಡ ಸಾಚಾ ಅಲ್ಲ, ಅವೂ ನಿಧಾನಕ್ಕೆ ಇಂಥದ್ದೇ ಆವಿ ಬಿಡುತ್ತಿರುತ್ತವೆ.

ಫ್ಲೈಗಳನ್ನು ಹೊರಗೆ ತೆಗೆಯಿರಿ. ವಾಸನೆ ಪೂರ್ತಿ ಹೋಗುವವರೆಗೆ ಪೆಟ್ಟಿಗೆ ತೆರೆದಿರಲಿ, ಒಂದೆರಡು ವಾರ ಆದರೂ ಪರವಾಗಿಲ್ಲ. ಮುಂದಿನ ಸಲ ಈ ಆಮ್ಲ ಬಿಡದ ನ್ಯೂಟ್ರಲ್ ಸಿಲಿಕೋನ್ ಕೇಳಿ ತನ್ನಿ. ನನ್ನ ಮಟ್ಟಿಗೆ ಅಂಟೇ ಬೇಡ: ಚೌಕಟ್ಟಿನಲ್ಲಿ ಉದ್ದಕ್ಕೆ ತೋಡು ಕೊರೆದು ಗಾಜನ್ನು ಜಾರಿಸಿ, ಹಿಂದಿನ ಹಲಗೆಗೆ ಸ್ಕ್ರೂ ಹಾಕಿ, ಯಾವಾಗ ಬೇಕಾದರೂ ಬಿಚ್ಚಬಹುದು. ಒಳಗಿನ ಮರಕ್ಕೆ ಅಲ್ಯೂಮಿನಿಯಂ ಟೇಪ್ ಅಂಟಿಸಿ, ಅದರ ಮೇಲೆ ಆಮ್ಲರಹಿತ ಬೋರ್ಡ್ ಇಡಿ. ತುಕ್ಕು ಹಿಡಿದ ಗಾಳಕ್ಕೆ ಎಣ್ಣೆ ಮಾತ್ರ ಸವರಬೇಡಿ. ದಾರದ ಗುಂಟ ಏರಿ ಗರಿಗೆ ಹತ್ತಿಬಿಡುತ್ತದೆ, ಆಮೇಲೆ ಏನೂ ಮಾಡೋಕಾಗಲ್ಲ.

ಪ್ರಶ್ನೆ: ನನ್ನ ಪೆಟ್ಟಿಗೆಯ ತಳದಲ್ಲಿ ಪುಡಿ, ಕೂದಲು ಕೂದಲಾದ ಪುಟ್ಟ ಸಿಪ್ಪೆಗಳು ಬಿದ್ದಿವೆ. ನುಸಿಗುಳಿಗೆ ಹಾಕಿದೆ. ಈಗ ಹಿಂದಿನ ಥರ್ಮಾಕೋಲೇ ಕರಗಿದ ಹಾಗೆ ಕುಳಿಬಿದ್ದಿದೆ!

ಉತ್ತರ: ಸಿಪ್ಪೆಗಳು ಕಾರ್ಪೆಟ್ ಜೀರುಂಡೆಯ ಮರಿಹುಳುಗಳು ಕಳಚಿದ ಪೊರೆ. ಗರಿ, ತುಪ್ಪಳ, ರೇಷ್ಮೆ ಎಲ್ಲ ಅವಕ್ಕೆ ಊಟ. ನುಸಿಗುಳಿಗೆಯ ಆವಿ ಥರ್ಮಾಕೋಲನ್ನೇ ತಿನ್ನುತ್ತದೆ, ಜೊತೆಗೆ ಆ ಗಾಳಿ ನಿಮಗೂ ಒಳ್ಳೆಯದಲ್ಲ. ಗುಳಿಗೆ ಎಸೆಯಿರಿ, ಥರ್ಮಾಕೋಲ್ ಬದಲು ಪಾಲಿಎಥಿಲೀನ್ ಫೋಮ್ ಹಾಕಿ.

ಹುಳಕ್ಕೆ ಮದ್ದು ಫ್ರೀಜರ್. ಫ್ಲೈಗಳನ್ನು ಗಾಳಿ ಹೋಗದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಬಿಡಿ. ಹೊರತೆಗೆದ ಮೇಲೆ ಆತುರ ಬೇಡ, ಚೀಲ ಬಿಚ್ಚದೆ ಒಂದು ದಿನ ಹಾಗೇ ಇಡಿ. ತಣ್ಣಗಿರುವಾಗಲೇ ಬಿಚ್ಚಿದರೆ ಗಾಳದ ಮೇಲೆ ನೀರು ಕೂತು ಮೇಲಿನ ಪ್ರಶ್ನೆಯವರ ಪಾಡೇ ನಿಮ್ಮದೂ ಆಗುತ್ತದೆ. ಇನ್ಮೇಲೆ ಹೊಸ ಗರಿ ತಂದಾಗಲೂ ಮೊದಲು ಫ್ರೀಜರ್, ಆಮೇಲೆ ಕಟ್ಟುವ ಮೇಜು.

ಪ್ರಶ್ನೆ: ಅಂಟು ಹಾಕದೆ ಫ್ಲೈ ನಿಲ್ಲಿಸುವುದು ಹೇಗೆ? ಮುಂದಕ್ಕೆ ಗಾಜೋ, ಅಕ್ರಿಲಿಕ್ಕೋ?

ಉತ್ತರ: ತೆಳ್ಳನೆಯ ಸ್ಟೇನ್‌ಲೆಸ್ ತಂತಿಯ ತುದಿಯನ್ನು ಗಾಳದ ಬಾಗಿದ ಭಾಗಕ್ಕೆ ಒಂದು ಸುತ್ತು ಸುತ್ತಿ, ಇನ್ನೊಂದು ತುದಿಯನ್ನು ಫೋಮ್‌ಗೆ ಚುಚ್ಚಿ. ಫ್ಲೈ ಗಾಳಿಯಲ್ಲಿ ತೇಲುವಂತೆ ಕಾಣುತ್ತದೆ. ಗರಿಯ ತುದಿಗೂ ಗಾಜಿಗೂ ಒಂದು ಬೆರಳಷ್ಟಾದರೂ ಅಂತರ ಇರಲಿ, ತಾಗಿದರೆ ಗರಿ ಶಾಶ್ವತವಾಗಿ ಬಾಗಿಹೋಗುತ್ತದೆ.

ಅಕ್ರಿಲಿಕ್ ಹಗುರ, ಒಡೆಯೋದೂ ಕಡಿಮೆ. ಆದರೆ ಒಣಬಟ್ಟೆಯಲ್ಲಿ ಉಜ್ಜಿದ ತಕ್ಷಣ ಸ್ಥಾಯಿ ವಿದ್ಯುತ್ ಹುಟ್ಟಿ ಧೂಳನ್ನೆಲ್ಲ ಕರೆದುಕೊಳ್ಳುತ್ತದೆ, ಒಳಗಿನ ಸಡಿಲ ನಾರುಗಳೂ ಎದ್ದು ಅದರ ಕಡೆಗೇ ನಿಲ್ಲುತ್ತವೆ. ಚಿಕ್ಕ ಪೆಟ್ಟಿಗೆಗೆ ನಾನು ಗಾಜನ್ನೇ ಹಾಕುವವನು. ಅತಿನೇರಳೆ ಕಿರಣ ತಡೆಯುವ ಗಾಜು ಸಿಕ್ಕರೆ ಒಳ್ಳೆಯದೇ, ಆದರೆ ಸುಮ್ನೆ ಅದನ್ನು ನಂಬಿ ಕಿಟಕಿ ಎದುರು ತೂಗುಹಾಕಬೇಡಿ. ಮಾಮೂಲಿ ಬೆಳಕಿಗೂ ಬಣ್ಣ ಹಾಕಿದ ಗರಿ ಮಾಸುತ್ತದೆ.