ರಾಕೆಟ್ ವಾಪಸ್ ಬಂದು ನೆಟ್ಟಗೆ ನಿಲ್ಲೋದು ಯಾಕೆ?

ಪ್ರಶ್ನೆ: ಮೇಲೆ ಹೋದ ರಾಕೆಟ್ ಬೆಂಕಿ ಉಗುಳುತ್ತಾ ವಾಪಸ್ ಬಂದು ನಿಲ್ಲುತ್ತದೆ. ಇಷ್ಟು ಸರ್ಕಸ್ ಯಾಕೆ? ಪ್ಯಾರಾಚೂಟ್ ಕಟ್ಟಿ ಸಮುದ್ರಕ್ಕೆ ಇಳಿಸಿದರೆ ಸಾಲದಾ?

ಉತ್ತರ: ಒಮ್ಮೆ ಹಾರಿದ ರಾಕೆಟ್ಟನ್ನು ಬಿಸಾಡದೆ ಮತ್ತೆ ಹಾರಿಸಬೇಕು, ಅದಕ್ಕೇ ಈ ಸರ್ಕಸ್. ಇಲಾನ್ ಮಸ್ಕ್‌ರ ರಾಕೆಟ್ ಕಂಪನಿ ಸ್ಪೇಸ್‌ಎಕ್ಸ್‌ನವರೂ ಮೊದಲು ಪ್ಯಾರಾಚೂಟ್ ಸಾಕು ಅಂದುಕೊಂಡಿದ್ದರು. 2010ರಲ್ಲಿ ಅವರ ಫಾಲ್ಕನ್ 9 ರಾಕೆಟ್ ಹಾರಿದಾಗ ಪ್ಯಾರಾಚೂಟ್ ಇತ್ತು, ಆದರೆ ಅದು ಬಿಚ್ಚಿಕೊಳ್ಳುವ ಮೊದಲೇ ಕೆಳಗಿನ ಹಂತ (ಮೇಲಕ್ಕೆ ತಳ್ಳಿ ಕಳಚಿಕೊಂಡು ಬೀಳುವ ಭಾಗ) ಗಾಳಿಯ ಹೊಡೆತಕ್ಕೆ ಚೂರಾಯಿತು. ಅಷ್ಟು ವೇಗದಲ್ಲಿ ಬೀಳುವ ವಸ್ತುವಿಗೆ ಗಾಳಿ ಅಂದರೆ ಗೋಡೆ ಇದ್ದ ಹಾಗೆ. ಸರಿಯಾಗಿ ಬಿದ್ದರೂ ಉಪ್ಪುನೀರು ಎಂಜಿನ್ನನ್ನು ಸುಮ್ನೆ ಬಿಡುವುದಿಲ್ಲ. ಅದಕ್ಕೇ ಎಂಜಿನ್ನನ್ನೇ ಬ್ರೇಕ್ ಮಾಡಿಕೊಂಡರು.

ಇಲ್ಲೊಂದು ಪೇಚು ಇದೆ. ಕೆಳಗಿನ ಹಂತದಲ್ಲಿ ಒಂಬತ್ತು ಎಂಜಿನ್. ಇಳಿಯುವ ಹೊತ್ತಿಗೆ ಟ್ಯಾಂಕ್ ಹೆಚ್ಚುಕಮ್ಮಿ ಖಾಲಿ, ರಾಕೆಟ್ ಎಷ್ಟು ಹಗುರ ಅಂದರೆ ಒಂದೇ ಎಂಜಿನ್ನನ್ನು ಆದಷ್ಟು ಸಣ್ಣಗೆ ಉರಿಸಿದರೂ ಅದರ ತಳ್ಳು ರಾಕೆಟ್‌ನ ತೂಕಕ್ಕಿಂತ ಜಾಸ್ತಿ. ಹಾಗಾಗಿ ಗಾಳಿಯಲ್ಲಿ ತೇಲುತ್ತಾ ಜಾಗ ಹುಡುಕುವ ಹಾಗಿಲ್ಲ. ವೇಗ ಸೊನ್ನೆ ಆಗುವ ಕ್ಷಣಕ್ಕೂ ಕಾಲು ನೆಲ ಮುಟ್ಟುವ ಕ್ಷಣಕ್ಕೂ ತಾಳೆ ಆಗಲೇಬೇಕು. ತಡವಾದರೆ ಅಪ್ಪಳಿಸುತ್ತದೆ, ಬೇಗ ಆದರೆ ಮತ್ತೆ ಮೇಲಕ್ಕೆ ಹೊರಡುತ್ತದೆ! ಡಿಸೆಂಬರ್ 2015ರಲ್ಲಿ ಅದು ಕೂಡಿ ಬಂತು, ಒಮ್ಮೆ ಹಾರಿದ ಹಂತವನ್ನು ಮಾರ್ಚ್ 2017ರಲ್ಲಿ ಮತ್ತೆ ಹಾರಿಸಿದರು. ಪುಕ್ಕಟೆ ಅಲ್ಲ ಅನ್ನಿ. ಇಳಿಯಲು ಇಂಧನ ಉಳಿಸಿಕೊಳ್ಳಬೇಕು, ಅಷ್ಟು ಹೊರೆ ಕಡಿಮೆ ಒಯ್ಯಬೇಕು.

ಪ್ರಶ್ನೆ: ಇದೆಲ್ಲ ಮಸ್ಕ್ ಒಬ್ಬರೇ ಮಾಡಿದ್ದಾ?

ಉತ್ತರ: ದುಡ್ಡು ಮತ್ತು ಹಟ ಅವರದು, ಅದನ್ನು ಅಲ್ಲಗಳೆಯುವಂತಿಲ್ಲ. ಕಂಪನಿಯ ಮೊದಲ ರಾಕೆಟ್ ಫಾಲ್ಕನ್ 1 ಮೂರು ಸಲ ಸೋತು, ನಾಲ್ಕನೆಯದು ಸೆಪ್ಟೆಂಬರ್ 2008ರಲ್ಲಿ ಕಕ್ಷೆ ಸೇರಿತು. ಆದರೆ ಫಾಲ್ಕನ್‌ಗೆ ಹಾಕುವ ಮರ್ಲಿನ್ ಎಂಜಿನ್ ಹಿಂದೆ ಇದ್ದವರು ಎಂಜಿನಿಯರ್ ಟಾಮ್ ಮ್ಯುಲ್ಲರ್. ಗಿರಾಕಿಗಳನ್ನು ಹಿಡಿದು ಕಂಪನಿ ನಡೆಸಿದವರು ಗ್ವಿನ್ ಶಾಟ್‌ವೆಲ್. ನೆಟ್ಟಗೆ ಇಳಿಸುವುದೂ ಹೊಸದಲ್ಲ, 1993ರಲ್ಲೇ ಡಿಸಿ-ಎಕ್ಸ್ ಅನ್ನುವ ಪ್ರಯೋಗದ ರಾಕೆಟ್ ಸ್ವಲ್ಪ ಮೇಲೇರಿ ಹಾಗೇ ಇಳಿದಿತ್ತು. ಬೆಜೋಸ್‌ರ ನ್ಯೂ ಶೆಪರ್ಡ್ ಕೂಡ ಫಾಲ್ಕನ್‌ಗಿಂತ ಒಂದು ತಿಂಗಳು ಮೊದಲೇ ಇಳಿಯಿತು, ಆದರೆ ಅದು ಕಕ್ಷೆಗೆ ಹೋಗುವ ರಾಕೆಟ್ ಅಲ್ಲ, ಸುಮಾರು 100 ಕಿ.ಮೀ. ಏರಿ ಇಳಿಯುವಂಥದ್ದು.

ನನಗೆ ಇಷ್ಟ ಪೀಟರ್ ಬೆಕ್. ಕಾಲೇಜು ಪದವಿ ಇಲ್ಲದ ಈ ನ್ಯೂಜಿಲೆಂಡಿನವರು ರಾಕೆಟ್ ಲ್ಯಾಬ್ ಕಟ್ಟಿದರು. ಇವರ ಸಣ್ಣ ಎಲೆಕ್ಟ್ರಾನ್ ರಾಕೆಟ್‌ನ ಎಂಜಿನ್‌ಗೆ ಇಂಧನ ತಳ್ಳುವ ಪಂಪ್ ಬ್ಯಾಟರಿಯಿಂದ ಓಡುತ್ತದೆ. ಮರುಬಳಕೆ ಮಾಡಿದರೆ ಟೋಪಿ ತಿನ್ನುತ್ತೇನೆ ಅಂದಿದ್ದರು, 2021ರಲ್ಲಿ ಮಿಕ್ಸಿಗೆ ಹಾಕಿ ತಿಂದೇಬಿಟ್ಟರು! ಅಂದಹಾಗೆ, ನಿಮ್ಮ ಪ್ಯಾರಾಚೂಟ್ ಇವರ ಹತ್ತಿರ ನಡೆಯಿತು. 2022ರಲ್ಲಿ ಹಾಗೆ ಇಳಿಯುತ್ತಿದ್ದ ಹಂತವನ್ನು ಹೆಲಿಕಾಪ್ಟರ್ ಗಾಳಿಯಲ್ಲೇ ಹಿಡಿಯಿತು, ಭಾರ ಅಂದುಕೊಂಡ ಹಾಗಿಲ್ಲ ಅನ್ನಿಸಿ ಪೈಲಟ್ ಬಿಟ್ಟುಬಿಟ್ಟರು.

ಪ್ರಶ್ನೆ: ಈಗ ರಾಕೆಟ್ ಇಂಧನಕ್ಕೆ ಎಲ್ಲರೂ ಮೀಥೇನ್ ಅನಿಲದ ಹಿಂದೆ ಬಿದ್ದಿರುವುದು ಯಾಕೆ?

ಉತ್ತರ: ಮಸಿಯ ಕಾಟ. ಸೀಮೆಎಣ್ಣೆಯ ಜಾತಿಯ ಇಂಧನ ಉರಿದರೆ ಎಂಜಿನ್ ಒಳಗೆ ಮಸಿ ಕಟ್ಟುತ್ತದೆ. ಒಂದೇ ಸಲ ಹಾರಿಸಿ ಬಿಸಾಡುವುದಾದರೆ ಯಾರಿಗೆ ಚಿಂತೆ? ಮತ್ತೆ ಮತ್ತೆ ಹಾರಿಸಬೇಕಾದಾಗಲೇ ತೊಂದರೆ. ಮೀಥೇನ್‌ನಲ್ಲಿ ಆ ಕಾಟ ತೀರಾ ಕಡಿಮೆ. ಮೀಥೇನ್ ರಾಕೆಟ್ಟನ್ನು ಮೊದಲು ಕಕ್ಷೆಗೆ ಮುಟ್ಟಿಸಿದವರು ಮಸ್ಕೂ ಅಲ್ಲ, ಬೆಜೋಸೂ ಅಲ್ಲ, ಚೀನಾದ ಲ್ಯಾಂಡ್‌ಸ್ಪೇಸ್ ಕಂಪನಿ, ಜುಲೈ 2023ರಲ್ಲಿ.