ಬನದ ಹನ್ನೆರಡು ಸೆಂಟ್ಸ್

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಉಡುಪಿ ಕಡೆಯ ಕೃಷಿಕರು, ವಯಸ್ಸು 56. ರಾತ್ರಿ ಎರಡು ಗಂಟೆಗೆ ಎಚ್ಚರ, ಆಮೇಲೆ ನಿದ್ದೆಯಿಲ್ಲ. ಹೆಂಡತಿ ಒತ್ತಾಯ ಮಾಡಿ ಆಪ್ತಸಮಾಲೋಚನೆಗೆ ನನ್ನ ಹತ್ತಿರ ಕರೆದುಕೊಂಡು ಬಂದಿದ್ದರು.

ವಿಷಯ ಜಾಗದ್ದು. ಮುಂಬೈಯಲ್ಲಿ ಹೋಟೆಲ್ ಇಟ್ಟಿರುವ ತಮ್ಮನಿಗೆ ಪಾಲು ಬೇಕು, ಮಾರಬೇಕು. ರಸ್ತೆ ಬದಿಯಲ್ಲೇ ಹನ್ನೆರಡು ಸೆಂಟ್ಸ್ ನಾಗಬನ, ಅಂದರೆ ನಾಗನ ಕಲ್ಲು ಇರುವ ತೋಪು; ಸುರಗಿ, ರೆಂಜೆ, ಹಾಲೆ ಮರಗಳು. "ಕಲ್ಲನ್ನು ಮೂಲೆಗೆ ಸರಿಸಿ ಸಿಮೆಂಟಿನ ಕಟ್ಟೆ ಕಟ್ಟಿಸೋಣ, ಖರ್ಚು ನನ್ನದು" ಎಂದನಂತೆ. ಅದೇ ವರ್ಷ ಇವರ ಮಗನ ಮದುವೆ ಮಾತುಕತೆ ಎರಡು ಸಲ ಮುರಿಯಿತು. ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡಿಸಿದರೆ ನಾಗದೋಷ ಕಂಡಿತು. ಅದರ ಪರಿಹಾರಕ್ಕೆ ಮಾಡಿಸುವ ಆಶ್ಲೇಷಾ ಬಲಿ ಪೂಜೆಗೆ ಸಾಲ ಕೇಳಿದ್ದಾರೆ.

ದೋಷ ಇದೆಯೋ ಇಲ್ಲವೋ ಎನ್ನುವುದು ನನ್ನ ಕೋಣೆಯಲ್ಲಿ ತೀರ್ಮಾನ ಆಗುವುದಲ್ಲ. "ಇಷ್ಟು ದಿನ ಬನ ನೋಡಿಕೊಂಡವರು ಯಾರು?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದರು. ಆಮೇಲೆ ನಿಲ್ಲಲೇ ಇಲ್ಲ. ಪಂಚಮಿಗೆ ಹಾಲು, ಸೀಯಾಳ, ವರ್ಷದ ತಂಬಿಲ (ನಾಗನಿಗೆ ಸಲ್ಲಿಸುವ ಪೂಜೆ), ದನ ನುಗ್ಗದಂತೆ ಬೇಲಿ, ಅಪ್ಪನ ಆಸ್ಪತ್ರೆ. ಒಟ್ಟು 28 ವರ್ಷ. "ತಮ್ಮ ಒಂದು ಸಲವೂ ಹೇಗಿದ್ದೀ ಅಂತ ಕೇಳಲಿಲ್ಲ ಮೇಡಂ." ನಾಗನ ಹೆದರಿಕೆಗಿಂತ ಈ ನೋವೇ ಜಾಸ್ತಿ ಅನ್ನಿಸಿತು.

ತಂಗಿ? "ಅವಳಿಗೆ ಮದುವೆಯಲ್ಲೇ ಕೊಟ್ಟಾಗಿದೆ." ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹಿಂದೂ ಕೂಡು ಕುಟುಂಬದ ಆಸ್ತಿಯಲ್ಲಿ ಮದುವೆಯಾದ ಮಗಳಿಗೂ ಮಗನಷ್ಟೇ ಹಕ್ಕು ಎಂದು ತಿಳಿಸಿದೆ. ದೇವರ ಜಾಗ ಕಾಯುವವರು ತಂಗಿಯ ಪಾಲು ನುಂಗಬಹುದಾ ಎಂದು ಬಾಯಿಗೆ ಬಂದಿತ್ತು, ತಡೆದುಕೊಂಡೆ. "ಬನದಲ್ಲಿ ಪ್ರಾರ್ಥನೆ ಮಾಡುವಾಗ ತಂಗಿಯ ಹೆಸರೂ ಹೇಳುತ್ತೀರಲ್ಲ?" ಎಂದಷ್ಟೇ ಕೇಳಿದೆ.

ತಮ್ಮನ ಹತ್ತಿರ ದೋಷದ ಮಾತು ಬೇಡ, 28 ವರ್ಷದ ಮಾತು ಆಡಿ ಎಂದೆ. ಶಾಪ ಎಂದರೆ ಅವನು ಜಗಳಕ್ಕೆ ಬರುತ್ತಾನೆ, "ಒಬ್ಬನಿಗೇ ಸಾಕಾಯಿತು ಮಾರಾಯ" ಎಂದರೆ ಕೇಳಿಸಿಕೊಂಡಾನು. ಬನವನ್ನು ಪಾಲು ಮಾಡದೆ, ಹೋಗಿಬರುವ ದಾರಿ ಸಮೇತ ಮೂವರ ಹೆಸರಿಗೆ ಜಂಟಿಯಾಗಿ ಪಾಲುಪತ್ರದಲ್ಲಿ ಬರೆಸಬಹುದು. ನಕ್ಷೆಗೆ ಅಳತೆ ಮಾಡಿಸುವ ಮೊದಲೇ ವಕೀಲರನ್ನು ಕಾಣಿ. ತಂಬಿಲದ ಖರ್ಚೂ ಮೂವರದು. ಸಾಲ ಮಾಡದೆ ಈ ವರ್ಷ ಮಾಮೂಲಿ ತನು (ಹಾಲು, ಸೀಯಾಳ ಎರೆಯುವುದು), ತಂಬಿಲ ಸಾಕಾ ಎಂದು ಅವರ ಭಟ್ಟರನ್ನೇ ಕೇಳಲು ಹೇಳಿದೆ. ನಿದ್ದೆಗೆ ವೈದ್ಯರ ಹತ್ತಿರ ಕಳಿಸಿದೆ.

ಮೂರನೇ ಭೇಟಿಯ ಹೊತ್ತಿಗೆ ತಮ್ಮ ಇನ್ನೂ ಒಪ್ಪಿರಲಿಲ್ಲ. ಭಟ್ಟರು ತಂಬಿಲ ಸಾಕು ಎಂದಿದ್ದರು. ಪಂಚಮಿಗೆ ತಂಗಿ ಬಂದಿದ್ದಳಂತೆ.

"ಅವಳು ಪಾಲಿನ ಮಾತು ಎತ್ತಲಿಲ್ಲ ಮೇಡಂ. ನಾನೇ ಎತ್ತಿದೆ."